ಬೂದು ಹಿಡಿದ ಮರದ ಡೆಕ್: ಮತ್ತೆ ವಾರ್ನಿಶ್ ಹೊಡೆಯೋದಾ?

ಧಾರವಾಡದಿಂದ ಪ್ರಶ್ನೆ: ಹಿತ್ತಲಲ್ಲಿ ಸಾಗವಾನಿ ಹಲಗೆಯ ಡೆಕ್ ಇದೆ. ಪೂರ್ತಿ ಬೂದು ಬಣ್ಣಕ್ಕೆ ತಿರುಗಿದೆ. ಹಳೆ ವಾರ್ನಿಶ್ ಸಿಪ್ಪೆ ಏಳುತ್ತಿದೆ, ಒಂದೆರಡು ಹಲಗೆ ಕಾಲಿಟ್ಟರೆ ತಗ್ಗುತ್ತವೆ. ಮೇಲೇ ಇನ್ನೊಂದು ಕೋಟ್ ವಾರ್ನಿಶ್ ಹೊಡೆದರೆ ನಡೆಯುತ್ತಾ?

ಸಪ್ತಾಪುರ, ಧಾರವಾಡ: ಬೇಡ. ಬಿಸಿಲಿಗೆ ವಾರ್ನಿಶ್ ಬಿರುಕು ಬಿಡುತ್ತದೆ, ಮಳೆನೀರು ಅದರಡಿ ಹೊಕ್ಕು ಅಲ್ಲೇ ಕೂರುತ್ತದೆ. ಬೂದು ಬಣ್ಣಕ್ಕೆ ಹೆದರಬೇಡಿ, ಅದು ಮೇಲ್ಪದರ ಅಷ್ಟೆ. ನೋಡಬೇಕಾದ್ದು ಹಲಗೆ ತೊಲೆಯ ಮೇಲೆ ಕೂತಿರುವ ಜಾಗ. ನೀರು ನಿಲ್ಲೋದೇ ಅಲ್ಲಿ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಗಟ್ಟಿ ಇದ್ದರೆ ಸರಿ. ಸಲೀಸಾಗಿ ಒಳಗಿಳಿದು ಹಸಿ ಪುಡಿ ಮೇಲೆ ಬಂದರೆ ಆ ಹಲಗೆ ಹೋಯ್ತು ಅಂತಲೇ ಲೆಕ್ಕ. ಪುಟ್ಟಿ ತುಂಬಿಸಿ ಸುಮ್ನೆ ದುಡ್ಡು ಕಳೀಬೇಡಿ, ಬದಲಿಸಿ. ಹೊಸದು ಕೂರಿಸುವಾಗ ನಡುವೆ 5 ಮಿಲಿಮೀಟರ್ ಸಂದು ಬಿಡಿಸಿ. ಬಡಿಗ್ಯಾರು ಒತ್ತಿ ಒತ್ತಿ ಜೋಡಿಸುತ್ತಾರೆ, ಅವರಿಗೆ ಅದೇ ಚಂದ!

ಉಳಿದದ್ದನ್ನು 60 ನಂಬರ್ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಆಮೇಲೆ 80. ವಾರ್ನಿಶ್ ಬದಲು ಮರಕ್ಕೆ ಎಣ್ಣೆ ಹಚ್ಚಿ; ತೀರಾ ನುಣುಪು ಮಾಡಿದರೆ ಅದು ಇಳಿಯೋದಿಲ್ಲ. ಹಿಂಗಾರು ಮಳೆ ಪೂರ್ತಿ ನಿಂತ ಮೇಲೆ, ನವೆಂಬರ್ ಕೊನೆಗೆ ಶುರು ಮಾಡಿ. ಮರದ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಬೇಗ ಹೀರಿಕೊಂಡರೆ ಎಣ್ಣೆ ಹಚ್ಚಬಹುದು. ಬೆಳಿಗ್ಗೆ ಅಥವಾ ಇಳಿಹೊತ್ತಿನಲ್ಲಿ, ತೆಳ್ಳಗೆ. ಕಾಲು ಗಂಟೆ ಬಿಟ್ಟು ಮಿಕ್ಕಿದ್ದನ್ನು ಒರೆಸಿ, ಇಲ್ಲದಿದ್ದರೆ ಅಂಟಂಟು. ಹಲಗೆಯ ಕೊಯ್ದ ತುದಿಗೆ ಮಾತ್ರ ಎರಡೆರಡು ಸಲ ಕುಡಿಸಿ, ನೀರು ಅಲ್ಲಿಂದಲೇ ಜಾಸ್ತಿ ಒಳಗೆ ಹೋಗೋದು.

ವಿದ್ಯಾನಗರ, ಹುಬ್ಬಳ್ಳಿ: ಮೊಳೆಯ ಸುತ್ತ ಕಪ್ಪು ಕಲೆ ಇದೆಯಾ? ಕಬ್ಬಿಣಕ್ಕೂ ಮರದೊಳಗಿನ ಒಗರಿಗೂ ಕೂಡಿ ಆಗುವ ಕಲೆ ಅದು, ಉಜ್ಜಿದರೆ ಹೋಗೋದಿಲ್ಲ. ಆಕ್ಸಾಲಿಕ್ ಆಸಿಡ್ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿ, ಚೆನ್ನಾಗಿ ತೊಳೆದು ಒಣಗಿಸಿ. ವಿಷದ ಪುಡಿ, ಕೈಗವಸು ಬೇಕೇ ಬೇಕು. ಮೊಳೆ ಕಿತ್ತು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿಬಿಡಿ.

ಹಾವೇರಿ: ಪ್ರೆಶರ್ ವಾಷರ್ ಹತ್ತಿರ ಹಿಡಿದು ಹೊಡೀಬೇಡಿ, ಮರದ ನಾರು ಎದ್ದುಬಿಡುತ್ತದೆ. ಬ್ರಷ್, ಸೋಪಿನ ನೀರು ಸಾಕು.

ಗದಗ: ಅಗಸೆ ಎಣ್ಣೆ ಹಚ್ಚೋದಾದರೆ ಹಸಿ ಎಣ್ಣೆ ಬೇಡ, ಒಣಗೋದೇ ಇಲ್ಲ ಅನ್ನಿಸುತ್ತೆ. ಬಾಯ್ಲ್ಡ್ ಅಂತ ಕೇಳಿ ತನ್ನಿ. ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಕಾದು ಬೆಂಕಿ ಹತ್ತಬಹುದು, ತಮಾಷೆಯಲ್ಲ. ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರವಿ.