ಪಕ್ಕದ ಬೀದಿ ಬೇಕರಿಗೆ ಎಷ್ಟೊತ್ತಿಗೆ ಹೋಗೋದು? ಅನುಭವ ಇದ್ದೋರು ಹೇಳಿ

ಕೇಳಿದ್ದು: ಮನೆ ಹತ್ರ ಒಂದು ಬೇಕರಿ ಇದೆ, ಈಗ ಒಳಗೇ ಒಂದ್ ಮೂಲೇಲಿ ಕಾಫಿ ಶಾಪೂ ಮಾಡಿದಾರೆ. ನಂಗಂತೂ ಆ ಜಾಗ ಅಂದ್ರೆ ತುಂಬಾ ಇಷ್ಟ, ಆದ್ರೆ ಬ್ರೆಡ್ ಒಂದಿನ ಮೆತ್ತಗೆ ಸೂಪರ್ ಇರುತ್ತೆ, ಇನ್ನೊಂದಿನ ಮುಟ್ಟಿದ್ರೆ ಪುಡಿಪುಡಿ. ಕಾಫಿನೂ ಹಂಗೇ, ಒಂದೊಂದ್ಸಲ ಬಾಯಿಗಿಡಕ್ಕಾಗಲ್ಲ. ಫ್ರೆಶ್ಶಾ ಅಂದ್ರೆ ಯಾವಾಗ್ಲೂ ಹೂಂ ಅಂತಾರೆ. ಯಾವ ಹೊತ್ತಿಗೆ ಹೋಗ್ಬೇಕು, ಮನೆಗೆ ತಂದದ್ದನ್ನ ಹೇಗಿಡ್ಬೇಕು, ಕಾಫಿ ಸರಿ ಇಲ್ಲ ಅಂತ ಅವ್ರಿಗೆ ಬೇಜಾರಾಗದ ಹಾಗೆ ಹೇಗೆ ಹೇಳೋದು?

ಉತ್ತರ: ಫ್ರೆಶ್ಶಾ ಅಂತ ಕೇಳ್ಲೇಬೇಡಿ, ಅದಕ್ಕೆ ಇಲ್ಲ ಅನ್ನೋ ಅಂಗಡಿಯೋರು ಎಲ್ಲಿದಾರೆ ಹೇಳಿ. "ಇದನ್ನ ಓವನ್‌ನಿಂದ ಎಷ್ಟೊತ್ತಿಗೆ ತೆಗೆದ್ರಿ, ಮುಂದಿನ ಬ್ಯಾಚ್ ಯಾವಾಗ" ಅಂತ ಕೇಳಿ, ಅದಕ್ಕೆ ಟೈಮ್ ಹೇಳ್ಲೇಬೇಕಾಗುತ್ತೆ, ಹೇಳಕ್ಕೆ ತಡವರಿಸಿದ್ರೆ ಅದೇ ಒಂಥರಾ ಉತ್ತರ. ಸಣ್ಣ ಬೇಕರಿಲಿ ಸಾಮಾನ್ಯವಾಗಿ ಓವನ್ ಒಂದೋ ಎರಡೋ ಇರೋದು, ಬ್ರೆಡ್‌ಗೆ ಕಾವು ಜಾಸ್ತಿ ಬೇಕು, ಕೇಕ್‌ಗೆ 170-180 ಡಿಗ್ರಿ ಸಾಕು, ಹಂಗಾಗಿ ಎಲ್ಲಾ ಒಟ್ಟಿಗೆ ಬೇಯಲ್ಲ, ಒಂದಾದ್ಮೇಲೆ ಒಂದು ಬರುತ್ತೆ. ನಿಮಗೆ ಬೇಕಾಗಿದ್ದು ಬ್ರೆಡ್ಡಾದ್ರೆ ಬ್ರೆಡ್ ಬ್ಯಾಚ್ ಟೈಮ್ ಕೇಳಿಟ್ಕೊಳ್ಳಿ, ಬೇಕರಿ ಬಾಗಿಲು ತೆಗೆಯೋ ಟೈಮ್ ತಗೊಂಡು ಏನ್ಮಾಡ್ತೀರ.

ಇನ್ನೊಂದು, ಬಿಸಿಬಿಸಿ ಬ್ರೆಡ್ ಅಂತ ಓವನ್ ಮುಂದೆ ಕಾಯ್ಬೇಡಿ. ದೊಡ್ಡ ಬ್ರೆಡ್ ಆಚೆ ತೆಗೆದ್ಮೇಲೂ ಒಳಗಡೆ ಇನ್ನೂ ಸೆಟ್ ಆಗ್ತಾ ಇರುತ್ತೆ, ಆವಾಗ್ಲೇ ಕೊಯ್ದ್ರೆ ಚಾಕುಗೆ ಅಂಟ್ಕೊಂಡು ಮುದ್ದೆಮುದ್ದೆ ಬರುತ್ತೆ, ನೋಡಿದೋರು ಹಸಿ ಇದೆ ಅಂತ ಬೈತಾರೆ, ಪಾಪ ಬೇಕರಿಯೋರದ್ದೇನೂ ತಪ್ಪಿರಲ್ಲ. ಒಂದೆರಡು ಗಂಟೆ ಆರ್ಲಿ. ಬನ್ನು, ಪಫ್ಫು ಮಾತ್ರ ಬಿಸಿ ಇದ್ದಾಗ್ಲೇ ಮಜಾ.

ಉತ್ತರ: ಇಡೋದ್ರ ಬಗ್ಗೆ ನಾನ್ ಹೇಳ್ತೀನಿ. ಬ್ರೆಡ್ನ ಫ್ರಿಡ್ಜಲ್ಲಿ ಇಡ್ಬೇಡಿ ಗುರು! ಎಲ್ಲರ ಮನೇಲೂ ಇದೇ ಮಾಡೋದು, ಹಾಳಾಗಬಾರ್ದು ಅಂತ ಒಳಗೆ ತಳ್ಳೋದು, ಬೂಸ್ಟು ತಡವಾಗಿ ಬರುತ್ತೆ ನಿಜ, ಆದ್ರೆ ಬ್ರೆಡ್ ಗಟ್ಟಿಯಾಗೋದು ಬರೀ ನೀರಾರಿ ಅಲ್ಲ, ಒಳಗಿರೋ ಪಿಷ್ಟ ಮತ್ತೆ ಹರಳುಗಟ್ಟೋದ್ರಿಂದ, ಅದು ಫ್ರಿಡ್ಜಿನ ತಂಪಲ್ಲಿ ಹೊರಗಡೆಗಿಂತ ಬೇಗ ಆಗುತ್ತೆ. ಎರಡ್ಮೂರು ದಿನದಲ್ಲಿ ಖಾಲಿಯಾಗೋದಾದ್ರೆ ಆಚೆನೇ ಮುಚ್ಚಿಡಿ. ಇಲ್ಲಾಂದ್ರೆ ಸ್ಲೈಸ್ ಮಾಡಿಸ್ಕೊಂಡು ಬಂದು ಸೀದಾ ಫ್ರೀಜರ್‌ಗೆ, ಅಲ್ಲಿ ಮೈನಸ್ 18ರಲ್ಲಿ ಇದೆಲ್ಲಾ ಹೆಚ್ಚುಕಮ್ಮಿ ನಿಂತೇ ಹೋಗುತ್ತೆ. ಬೇಕಾದಾಗ ಎರಡು ಪೀಸ್ ತೆಗೆದು ಕರಗಿಸದೇ ಟೋಸ್ಟರ್‌ಗೆ ಹಾಕಿ. ಗಟ್ಟಿಯಾಗಿರೋ ಬ್ರೆಡ್‌ಗೆ ಮೇಲೊಂಚೂರು ನೀರು ಚಿಮುಕಿಸಿ ಓವನ್‌ನಲ್ಲಿ ಬಿಸಿ ಮಾಡಿದ್ರೂ ಮೆತ್ತಗಾಗುತ್ತೆ, ಆದ್ರೆ ತಕ್ಷಣ ತಿಂದ್ಬಿಡ್ಬೇಕು, ಆರಿದ್ರೆ ಮೊದಲಿಗಿಂತ ಕಲ್ಲು. ಕರುಂ ಅನ್ನೋ ಸಿಪ್ಪೆ ಇರೋ ಬ್ರೆಡ್ಡಾದ್ರೆ ಪೇಪರ್ ಕವರ್ರೇ ವಾಸಿ, ಪ್ಲಾಸ್ಟಿಕ್ಕಲ್ಲಿ ಸಿಪ್ಪೆ ಮೆತ್ತಗಾಗಿಬಿಡುತ್ತೆ. ಬೂಸ್ಟು ಬಂದಿದ್ರೆ ಆ ಪೀಸ್ ಮಾತ್ರ ಬಿಸಾಕಿ ಮಿಕ್ಕಿದ್ದು ತಿನ್ನೋ ಜಾಣತನ ಬೇಡ. ಕ್ರೀಮ್ ಕೇಕ್ ವಿಷ್ಯ ಬೇರೆ, ಅದಕ್ಕೆ ಫ್ರಿಡ್ಜೇ ಗತಿ.

ಉತ್ತರ: ಕಾಫಿ ಮೆಷಿನ್ ಹಿಂದೆ ನಿಂತು ಕೆಲ್ಸ ಮಾಡಿದೀನಿ, ಅದಕ್ಕೆ ಹೇಳ್ತಿರೋದು. ಒಂದಿನ ಚೆನ್ನಾಗಿದ್ದು ಒಂದಿನ ಕೆಡೋದಕ್ಕೆ ಬಹಳ ಸಲ ಕಾರಣ ಬೀಜ ಪುಡಿ ಮಾಡೋ ಗ್ರೈಂಡರ್. ಎಸ್ಪ್ರೆಸ್ಸೋ (ಮೆಷಿನ್ ಒತ್ತಡದಲ್ಲಿ ಇಳಿಸೋ ಗಟ್ಟಿ ಕಾಫಿ) ಒಂದು ಶಾಟ್, ಅಂದ್ರೆ ಒಂದ್ಸಲದ ಅಳತೆ, ಇಳಿಯಕ್ಕೆ ಸುಮಾರು 25-30 ಸೆಕೆಂಡ್ ಬೇಕು, ಪುಡಿ ದಪ್ಪ ಆದ್ರೆ ನೀರು ಸರ್ರಂತ ಇಳಿದು ಕಾಫಿ ಹುಳಿ, ತೆಳ್ಳಗೆ. ತೀರಾ ನುಣ್ಣಗಾದ್ರೆ ಹನಿಹನಿಯಾಗಿ ಇಳಿದು ಕಹಿ. ಬೀಜದ ಹೊಸ ಪ್ಯಾಕೆಟ್ ಒಡೆದ್ರೂ, ಹವಾ ಬದಲಾದ್ರೂ ಗ್ರೈಂಡರ್ ಮತ್ತೆ ಸೆಟ್ ಮಾಡ್ಬೇಕು, ರಶ್ಶಲ್ಲಿ ಯಾರೂ ಮಾಡಲ್ಲ. ಹಾಲು 60-65 ಡಿಗ್ರಿಗೆ ನಿಲ್ಲಿಸಿದ್ರೆ ಸಿಹಿ ಇರುತ್ತೆ, 70 ದಾಟಿದ್ರೆ ಕುದಿಸಿದ ಹಾಲಿನ ವಾಸನೆ ಶುರು, ಹಂಗಾಗಿ "ಇನ್ನೂ ಬಿಸಿ ಬೇಕು" ಅಂತ ಪ್ರತಿಸಲ ಕೇಳೋರು ರುಚಿ ಬಗ್ಗೆ ಮಾತಾಡೋ ಹಾಗಿಲ್ಲ 😄

ಕೌಂಟರ್ ಹತ್ರ ನಿಂತಾಗ ಆ ಹಬೆ ಬರೋ ಕೊಳವೆ ನೋಡಿ. ಹಾಲು ಕಾಯಿಸಿದ ತಕ್ಷಣ ಒದ್ದೆ ಬಟ್ಟೇಲಿ ಒರೆಸಿ, ಒಂದ್ಸಲ ಬರೀ ಹಬೆ ಬಿಟ್ರೆ ಸರಿ. ಅದರ ಮೇಲೆ ಹಳೇ ಹಾಲು ಕಂದು ಬಣ್ಣಕ್ಕೆ ಒಣಗಿ ಅಂಟಿದ್ರೆ ಅವತ್ತು ಬ್ಲಾಕ್ ಕಾಫಿ ಕುಡಿರಿ, ಇಲ್ಲಾ ಬರೀ ಬನ್ ತಿಂದು ಬನ್ನಿ.

ಹೇಳೋದಕ್ಕೆ ಸಂಕೋಚ ಯಾಕೆ. "ಚೆನ್ನಾಗಿಲ್ಲ" ಅಂದ್ರೆ ಮುಖ ಸಪ್ಪಗಾಗುತ್ತೆ, "ಇವತ್ತು ಯಾಕೋ ಕಹಿ ಜಾಸ್ತಿ ಬಂದಿದೆ, ಮೊನ್ನೆದು ತುಂಬಾ ಚೆನ್ನಾಗಿತ್ತು" ಅಂದ್ರೆ ಗ್ರೈಂಡರ್ ಕಡೆ ನೋಡ್ತಾರೆ. ಎರಡು ಗುಟುಕಲ್ಲೇ ಹೇಳಿ, ಕಪ್ ಖಾಲಿ ಮಾಡಿ ಹೇಳಿದ್ರೆ ಯಾರ್ ನಂಬ್ತಾರೆ. ಎದುರಿಗೆ ಹೇಳದೇ ಆನ್‌ಲೈನಲ್ಲಿ ಒಂದು ಸ್ಟಾರ್ ಕೊಟ್ಟು ಬರೋದು ನಂಗಂತೂ ಸರಿ ಅನ್ಸಲ್ಲ, ದಿನಾ ನೋಡೋ ಮುಖ ಅಲ್ವಾ.

ಉತ್ತರ: ಮೇಲಿನೋರು ಹೇಳಿದ್ದೆಲ್ಲಾ ಸರಿ. ಜೊತೆಗೆ ಮುಚ್ಚೋ ಹೊತ್ತಲ್ಲೂ ಒಂದ್ಸಲ ಹೋಗ್ನೋಡಿ, ಮಿಕ್ಕಿದ್ದನ್ನ ಕೆಲವರು ಕಮ್ಮಿಗೆ ಕೊಡ್ತಾರೆ, ಬ್ರೆಡ್ ಪುಡಿಗೆ, ಪುಡ್ಡಿಂಗ್‌ಗೆ ನಿನ್ನೆ ಬ್ರೆಡ್ಡೇ ಬೇಕು. ನಿಮಗೆ ದಿನಾ ಒಂದೇ ಬೇಕು ಅಂದ್ರೆ ಹಿಂದಿನ ದಿನಾನೇ ಹೇಳಿಬಿಡಿ, ಎತ್ತಿಟ್ಟಿರ್ತಾರೆ.