ಸರೋಜ ಚಿಕ್ಕಮ್ಮನ ಫಾರ್ವರ್ಡ್, 14ನೇ ದಿನದ ಲೆಕ್ಕ

ಹೋದ ಭಾನುವಾರ ಬೆಳಗ್ಗೆ 6.40ಕ್ಕೆ ಸರೋಜ ಚಿಕ್ಕಮ್ಮ ನಮ್ಮ 'ಗೌರಿಬಿದನೂರು ಮನೆ' ಗುಂಪಿಗೆ ಒಂದು ಮೆಸೇಜ್ ಫಾರ್ವರ್ಡ್ ಮಾಡಿದರು. ನಾನು ಆಗಿನ್ನೂ ದೋಸೆ ಹಿಟ್ಟಿಗೆ ಉಪ್ಪು ಹಾಕುತ್ತಿದ್ದೆ. ರಾತ್ರಿ ಮಲಗುವ ಹೊತ್ತಿಗೆ 140 ಮೆಸೇಜ್ ಆಗಿತ್ತು. ಅಷ್ಟರಲ್ಲಿ ಫಾರ್ವರ್ಡ್‌ನಲ್ಲಿ ಬರೆದದ್ದರ ಬಗ್ಗೆ ಮಾತಾಡಿದ್ದು ಮೂರೋ ನಾಲ್ಕೋ ಜನ. ಉಳಿದದ್ದೆಲ್ಲ ಯಾರು ಯಾವಾಗ ಯಾರಿಗೆ ಏನಂದರು ಅನ್ನುವುದೇ.

ಆ ಮೆಸೇಜ್ ಇದು:

"ತಾಯಂದಿರೇ ಎಚ್ಚರ! ಮೊಬೈಲ್‌ನಲ್ಲಿ ಮುಟ್ಟಿನ ದಿನ ಲೆಕ್ಕ ಇಡುವ ಹೆಣ್ಣುಮಕ್ಕಳಿಗೆ ಮಗು ನಿಲ್ಲುವುದಿಲ್ಲ. ಲೆಕ್ಕ ಹಾಕಿದರೆ ಟೆನ್ಷನ್. ಟೆನ್ಷನ್ ಆದರೆ ಗರ್ಭಕೋಶದ ಬಾಯಿ ಮುಚ್ಚಿಕೊಳ್ಳುತ್ತದೆ. ನಮ್ಮ ಅಜ್ಜಿಯರು ಯಾವ ಲೆಕ್ಕವೂ ಇಲ್ಲದೆ ಹತ್ತು ಹೆತ್ತರು. ಮುಟ್ಟಾದ 14ನೇ ದಿನ ಒಂದೇ ಸರಿಯಾದ ದಿನ, ಅದು ತಪ್ಪಿದರೆ ಆ ತಿಂಗಳು ವ್ಯರ್ಥ. ಹತ್ತು ಜನಕ್ಕೆ ಕಳಿಸಿ, ಒಂದು ಮನೆಯ ತೊಟ್ಟಿಲು ತೂಗಲಿ."

ಕೆಳಗೆ ಚಿಕ್ಕಮ್ಮ ಒಂದು ಸಾಲು ಸೇರಿಸಿದ್ದರು: "ಈಗಿನ ಹುಡುಗೀರು ಓದಲಿ ಅಂತ ಹಾಕಿದೀನಿ."

ಈಗಿನ ಹುಡುಗಿ ಅಂದರೆ ಯಾರು ಅಂತ ಗುಂಪಿನಲ್ಲಿರುವ 41 ಜನಕ್ಕೂ ಗೊತ್ತು. ಚಿಕ್ಕಮ್ಮನ ಸೊಸೆ ಕಾವ್ಯ. ಮದುವೆಯಾಗಿ 14 ತಿಂಗಳಾಯಿತು. ಮಂಜು, ಕಾವ್ಯ ಇಬ್ಬರೂ ಯಲಹಂಕದಲ್ಲಿದ್ದಾರೆ. ಹಬ್ಬಕ್ಕೆ ಊರಿಗೆ ಬಂದರೆ ಸಾಕು, ಬಾಗಿಲಲ್ಲೇ ಕೇಳುತ್ತಾರೆ, "ಏನಮ್ಮಾ, ಏನಾದ್ರೂ ವಿಶೇಷ?"

ದೊಡ್ಡಪ್ಪ: ಸತ್ಯವಾದ ಮಾತು ಸರೋಜ. ಎಲ್ಲಕ್ಕೂ ಕಾಲ ಕೂಡಿ ಬರಬೇಕು. ವಿದುರಾಶ್ವತ್ಥಕ್ಕೆ ಹೋಗಿ ಒಂದು ನಾಗರಕಲ್ಲು ಪ್ರತಿಷ್ಠೆ ಮಾಡಿಸಿ. ನಮ್ಮ ಮನೇಲಿ ಮೂರು ತಲೆಮಾರು ಹಾಗೇ ನಡೆದಿದೆ.

ಪ್ರಸಾದ್ ಭಾವ: ಇದನ್ನ ಹೇಳಿದ ಡಾಕ್ಟರ್ ಯಾರು ಅತ್ತೆ? ಹೆಸರಿಲ್ಲ, ಊರಿಲ್ಲ.

ಸರೋಜ ಚಿಕ್ಕಮ್ಮ: ನನಗೆ ಬಂತು, ಹಾಕಿದೆ. ಇಷ್ಟ ಇದ್ರೆ ಓದಿ, ಇಲ್ದಿದ್ರೆ ಬಿಡಿ.

ಪ್ರಸಾದ್ ಭಾವ: ಬೋರ್‌ವೆಲ್ ನೀರಿನ ಮೆಸೇಜ್ ಬಂದಾಗಲೂ ಮಾವ ಇದೇ ಮಾತು ಹೇಳಿದ್ರು. ಆಮೇಲೆ ಏನಾಯ್ತು?

ದೊಡ್ಡಪ್ಪ: ಪ್ರಸಾದ್, ನಿಮಗೆ ಬ್ಯಾಂಕಲ್ಲಿ ಎಲ್ಲದಕ್ಕೂ ವೋಚರ್ ಬೇಕು. ಮನೇಲಿ ಹಿರಿಯರ ಮಾತೇ ವೋಚರ್.

ಬೋರ್‌ವೆಲ್ ಮೆಸೇಜ್ ಹಳೇ ಕಥೆ. ಅದರ ಮೇಲೆ ಅರ್ಧ ಗಂಟೆ ಹೋಯಿತು. ಅಷ್ಟರಲ್ಲಿ ಪುಣೆಯಿಂದ ಶಶಿ ಬಂದ. ಅವನ ಕಣ್ಣಿಗೆ ಬಿದ್ದದ್ದು ಒಂದೇ ಪದ, ವಿದುರಾಶ್ವತ್ಥ.

ಶಶಿ: ಅಯ್ಯೋ, ವಿದುರಾಶ್ವತ್ಥ! ತಾತ ನಮ್ಮನ್ನೆಲ್ಲ ಪ್ಯಾಸೆಂಜರ್ ರೈಲಲ್ಲಿ ಕರ್ಕೊಂಡು ಹೋಗ್ತಿದ್ರು, ನೆನಪಿದೆಯಾ? ಅಜ್ಜಿ ಪುಳಿಯೋಗರೆ ಎಲೇಲಿ ಕಟ್ಟಿ ತರ್ತಿದ್ರು. ಹೊಳೆ ಮರಳಲ್ಲಿ ಚಪ್ಪಲಿ ಕಳ್ಕೊಂಡು ಅತ್ತಿದ್ದು ಯಾರು ಹೇಳಿ?

ಚಪ್ಪಲಿ ಕಳೆದುಕೊಂಡಿದ್ದು ನಾನು. ಆ ಜಾಗ ನನಗೂ ತುಂಬಾ ಇಷ್ಟ. ಆಗ ಅಶ್ವತ್ಥದ ನೆರಳಲ್ಲಿ ಸಾಲುಸಾಲು ನಾಗರಕಲ್ಲುಗಳು, ಅರಿಶಿನ ಕುಂಕುಮ ಮೆತ್ತಿ ಹೆಡೆಯ ಗೆರೆಯೇ ಕಾಣದ ಹಾಗೆ. ಮಗು ಬೇಕು ಅಂತ ಬಂದ ಗಂಡ ಹೆಂಡತಿ ನಿಲ್ಲಿಸಿ ಹೋದ ಕಲ್ಲುಗಳವು, ಸಾವಿರಾರು ಇವೆ. ಪಕ್ಕದಲ್ಲೇ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು. ಶಶಿ ಅದು 1942 ಅಂತ ಬರೆದ, ದೊಡ್ಡಪ್ಪ ತಿದ್ದಿದರು, ಇಬ್ಬರೂ ಸೇರಿ ಇಪ್ಪತ್ತು ಮೆಸೇಜ್ ಹಾಕಿದರು. ಕಾವ್ಯಳ ಹೆಸರು ಎಲ್ಲೂ ಬರಲಿಲ್ಲ. ಆದರೆ ಅವಳೂ ಗುಂಪಿನಲ್ಲಿದ್ದಾಳೆ, ಓದಿಯೇ ಇರುತ್ತಾಳೆ.

ಹನ್ನೊಂದು ಗಂಟೆಗೆ ಗಿರಿಜತ್ತೆ ಬಂದರು.

ಗಿರಿಜತ್ತೆ: ಸರೋಜ, ಟೆನ್ಷನ್ ಆದ್ರೆ ಮಗು ನಿಲ್ಲಲ್ಲ ಅಂತ ಹಾಕಿದೀಯಲ್ಲ. ಟೆನ್ಷನ್ ಕೊಡೋರು ಯಾರು ಅಂತಾನೂ ಹಾಕು.

ಸರೋಜ ಚಿಕ್ಕಮ್ಮ: ಗಿರಿಜಕ್ಕ, ನಾನು ಯಾರ ಹೆಸರೂ ಹೇಳಿಲ್ಲ.

ಗಿರಿಜತ್ತೆ: 2016ರಲ್ಲಿ ರಮ್ಯನ ಸೀಮಂತದಲ್ಲಿ ನನ್ನ ಮಗಳ ಕೈಯಿಂದ ಆರತಿ ತಟ್ಟೆ ಇಸ್ಕೊಂಡಿದ್ದು ಯಾರು? ಅವತ್ತೂ ನೀನು ಹೆಸರು ಹೇಳಿರ್ಲಿಲ್ಲ.

ಅವತ್ತು ನಾನು ಅಲ್ಲೇ ಇದ್ದೆ. ಆಶಾ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ತಟ್ಟೆಯಲ್ಲಿ ಅರಿಶಿನ ಸುಣ್ಣದ ಕೆಂಪು ನೀರು, ಮಧ್ಯೆ ಎರಡು ಬತ್ತಿ. ಅವಳು ತಟ್ಟೆ ಎತ್ತುವುದಕ್ಕೂ ಚಿಕ್ಕಮ್ಮ "ಕೊಡಮ್ಮ, ಮಕ್ಕಳೊಂದಿಗರು ಎತ್ತಲಿ" ಅನ್ನುವುದಕ್ಕೂ ಸರಿಹೋಯಿತು. ದನಿ ಜೋರಾಗಿರಲಿಲ್ಲ. ಆಶಾ ತಟ್ಟೆ ಕೊಟ್ಟಳು. ಆಮೇಲೆ ಹಿತ್ತಿಲಲ್ಲಿ ಕೈ ತೊಳೆಯುತ್ತಾ ನಿಂತಿದ್ದಳು. ಕೆಂಪು ಹೋದ ಮೇಲೂ ತೊಳೆಯುತ್ತಲೇ ಇದ್ದಳು. ನಾನು ನಲ್ಲಿ ನಿಲ್ಲಿಸಿ ಒಳಗೆ ಕರೆದುಕೊಂಡು ಬಂದೆ.

ಗಿರಿಜತ್ತೆ: ಐದು ವರ್ಷ ನನ್ನ ಮಗಳಿಗೆ ಎಷ್ಟು ಸ್ಕ್ಯಾನ್, ಎಷ್ಟು ಇಂಜೆಕ್ಷನ್. ಅಳಿಯನಿಗೆ ಒಂದು ಟೆಸ್ಟ್ ಮಾಡಿಸಿ ಅಂತ ಈ ಮನೇಲಿ ಒಬ್ಬರಾದ್ರೂ ಅಂದ್ರಾ? ಐದನೇ ವರ್ಷ ಮಾಡಿಸಿದ್ವಿ. ತೊಂದರೆ ಇದ್ದಿದ್ದು ಅಲ್ಲಿ.

ಇಪ್ಪತ್ತು ನಿಮಿಷ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಪ್ಪ ಬರೆದರು, "ಈ ಗುಂಪಿನಲ್ಲಿ ಚಿಕ್ಕ ಮಕ್ಕಳೂ ಇದಾರೆ. ಹೆಣ್ಣುಮಕ್ಕಳ ಮುಂದೆ ಇಂಥ ವಿಷಯ ಬೇಡ. ಇಲ್ಲಿಗೆ ನಿಲ್ಲಿಸಿ."

ಆಗ ನನಗೆ ತಡೆಯಲಾಗಲಿಲ್ಲ. ಇದು ಹೆಣ್ಣುಮಕ್ಕಳದೇ ವಿಷಯ, ಅವರ ಮುಂದೆ ಅಲ್ಲದೆ ಇನ್ಯಾರ ಮುಂದೆ? ದೋಸೆ ಕಾವಲಿ ಇಳಿಸಿ, ಅಡುಗೆಮನೆ ಕಟ್ಟೆ ಮೇಲೆ ಕೂತು ಬರೆದೆ. ನಾಲ್ಕು ಸಲ ಅಳಿಸಿ ಬರೆದೆ. ಕಳಿಸಿದ್ದು ಇದು:

"ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ಚಿಕ್ಕಮ್ಮ, ನೀವೂ. ಈ ಮೆಸೇಜನ್ನ ಯಾರೂ ಪೂರ್ತಿ ಓದಿಲ್ಲ. ಮೊದಲನೇ ಸಾಲು ಲೆಕ್ಕ ಇಡಬೇಡಿ ಅನ್ನುತ್ತೆ. ಕೊನೇಲಿ 14ನೇ ದಿನ ತಪ್ಪಬಾರದು ಅನ್ನುತ್ತೆ. ಲೆಕ್ಕ ಇಡದೆ 14ನೇ ದಿನ ಗೊತ್ತಾಗೋದು ಹೇಗೆ?

ಆ 14ನೇ ದಿನದ ಮಾತನ್ನ ನಂಬಿ ನಾನು ಐದು ತಿಂಗಳು ಕಳೆದಿದೀನಿ. ಆಗ ಇವರು ಹೊಸೂರಲ್ಲಿದ್ರು, ನಾನು ಇಲ್ಲಿ ಸ್ಕೂಲಲ್ಲಿ. ಲೆಕ್ಕ ಹಾಕಿ 12, 13, 14ನೇ ದಿನಕ್ಕೆ ರಜೆ ಹಾಕಿ ಬರ್ತಿದ್ರು. ನನಗೆ ಮುಟ್ಟು ಬರೋದು 33 ದಿನಕ್ಕೆ. ಅಂಡ ಬಿಡುಗಡೆ ಆಗೋದು ಹೋದ ಮುಟ್ಟಿನಿಂದ 14ನೇ ದಿನ ಅಲ್ಲ, ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. 28 ದಿನದವರಿಗೆ ಎರಡೂ ಒಂದೇ ದಿನ ಬೀಳುತ್ತೆ. ನನಗೆ ಅದು 19ನೇ ದಿನದ ಹತ್ತಿರ. ಅಂಡ ಬದುಕಿರೋದು 12ರಿಂದ 24 ಗಂಟೆ. ವೀರ್ಯಾಣು ಒಳಗೆ 5 ದಿನದವರೆಗೂ ಇರಬಲ್ಲದು. ಹಾಗಾಗಿ ಅಂಡ ಬಿಡೋ ದಿನ, ಅದರ ಹಿಂದಿನ 5 ದಿನ, ಒಟ್ಟು 6 ದಿನ. ನಮ್ಮ ಮೂರು ದಿನದಲ್ಲಿ ಎರಡು ಅದರ ಹೊರಗೇ ಇತ್ತು. ಮೂರನೇದು ಅಂಚಿನಲ್ಲಿ.

ಗಂಡ ಹೆಂಡತಿ ಒಂದೇ ಮನೇಲಿದ್ದು, ವಾರಕ್ಕೆ ಎರಡು ಮೂರು ಸಲ ಸೇರ್ತಿದ್ರೆ ಶುರುವಿನಲ್ಲಿ ಯಾವ ಲೆಕ್ಕನೂ ಬೇಕಾಗಿಲ್ಲ. ನೂರರಲ್ಲಿ ಎಂಬತ್ತಕ್ಕೂ ಜಾಸ್ತಿ ಜೋಡಿಗಳಿಗೆ ವರ್ಷದೊಳಗೆ ನಿಲ್ಲುತ್ತೆ. ನಮ್ಮ ಹಾಗೆ ದೂರ ಇರೋರಿಗೆ, ಶಿಫ್ಟ್ ಕೆಲಸದೋರಿಗೆ ಲೆಕ್ಕ ಬೇಕು. ಚಿಂತೆಯಿಂದ ಗರ್ಭಕೋಶದ ಬಾಯಿ ಮುಚ್ಚಿಕೊಳ್ಳಲ್ಲ. ವರ್ಷ ಆದ್ರೂ ಆಗದಿದ್ರೆ ಡಾಕ್ಟರ್ ಹತ್ರ ಹೋಗಬೇಕು. ಹೆಂಡತಿಗೆ 35 ವರ್ಷ ದಾಟಿದ್ರೆ ಆರೇ ತಿಂಗಳಿಗೆ. ಮುಟ್ಟೇ ಸರಿಯಾಗಿ ಬರ್ತಿಲ್ಲ ಅಂದ್ರೆ ಅಷ್ಟೂ ಕಾಯಬಾರದು. ಹೋಗೋದು ಇಬ್ಬರೂ. ಗಿರಿಜತ್ತೆ ಹೇಳಿದ್ದು ಅದನ್ನೇ."

ಗುಂಪಿಗೆ ಬರೆಯದೆ ಬಿಟ್ಟದ್ದೂ ಇದೆ. ಲೆಕ್ಕ ಸುಮ್ನೆ ಬರುವುದಿಲ್ಲ. ಮೂತ್ರದ ಸ್ಟ್ರಿಪ್ ತಂದಿದ್ದೆ. ಎರಡನೇ ಗೆರೆ ಮೊದಲನೆಯದರಷ್ಟೇ ಗಾಢವಾದರೆ ಒಂದು, ಒಂದೂವರೆ ದಿನದಲ್ಲಿ ಅಂಡ ಬಿಡುತ್ತದೆ ಅಂತ ಅರ್ಥ. ಒಂದು ಬುಧವಾರ ಮಧ್ಯಾಹ್ನ ಸ್ಕೂಲಿನ ಶೌಚಾಲಯದಲ್ಲಿ ಆ ಗೆರೆ ಗಾಢವಾಗಿದ್ದು ನೋಡಿ, ಸ್ಟಾಫ್ ರೂಮಿನ ಹಿಂದೆ ನಿಂತು ಇವರಿಗೆ ಫೋನ್ ಮಾಡಿದೆ. ಹೊಸೂರಿಂದ ಮೆಜೆಸ್ಟಿಕ್, ಅಲ್ಲಿಂದ ಇನ್ನೊಂದು ಬಸ್ಸು. ರಾತ್ರಿ ಹನ್ನೊಂದಕ್ಕೆ ಬಂದು ಬಾಗಿಲಲ್ಲೇ ಕುಸಿದು ಕೂತರು. ಇಬ್ಬರೂ ಮಾತಾಡಲಿಲ್ಲ. ಊಟ ಬಡಿಸುವಾಗ ನನಗೆ ಅಳು ಬಂತು. ಮುಂದಿನ ಎರಡು ತಿಂಗಳು ಸ್ಟ್ರಿಪ್ಪನ್ನು ಮುಟ್ಟಲಿಲ್ಲ. ಆಮೇಲೆ ಮತ್ತೆ ಶುರು ಮಾಡಿದೆವು, ಈ ಸಲ ಒಂದು ದಿನಕ್ಕೆ ಕಾಯದೆ ಆರು ದಿನದ ಲೆಕ್ಕದಲ್ಲಿ. ಮಗಳಿಗೆ ಈಗ ಮೂರು ವರ್ಷ. ಲೆಕ್ಕದಿಂದಲೇ ಹುಟ್ಟಿದಳು ಅಂತ ನಾನು ಹೇಳುವುದಿಲ್ಲ. ತಪ್ಪು ಲೆಕ್ಕದಲ್ಲಿ ಐದು ತಿಂಗಳು ಹೋದದ್ದು ಮಾತ್ರ ನಿಜ.

ಉತ್ತರಗಳು ಬಂದವು.

ಸರೋಜ ಚಿಕ್ಕಮ್ಮ: ಟೀಚರ್ ಆದ್ಮೇಲೆ ನಮಗೇ ಪಾಠ. ಆಗಲಿ ಸುಧಾ.

ಪ್ರಸಾದ್ ಭಾವ: ಸುಧಾ ಹೇಳಿದ್ದು ಸರಿ. 2023ರ ಕಾಕ್ರೇನ್ ವಿಮರ್ಶೆ ಓದಿದೆ, ಹಲವು ಅಧ್ಯಯನ ಒಟ್ಟಿಗೆ ನೋಡಿ ಬರೆದ ವರದಿ ಅದು. ಮೂತ್ರ ಪರೀಕ್ಷೆ ನೋಡಿ ದಿನ ಗೊತ್ತು ಮಾಡಿಕೊಂಡವರಿಗೆ ಗರ್ಭ ನಿಲ್ಲುವ ಸಾಧ್ಯತೆ ಸ್ವಲ್ಪ ಜಾಸ್ತಿ ಇರಬಹುದು ಅಂತಿದೆ. ಆ್ಯಪ್ ತೋರಿಸೋ ದಿನ ಹಿಂದಿನ ತಿಂಗಳುಗಳ ಅಂದಾಜು ಅಷ್ಟೇ. ಮಾವ, ಇದು ವೋಚರ್.

ದೊಡ್ಡಪ್ಪ: ಅಜ್ಜಿಯರು ಲೆಕ್ಕ ಇಟ್ಟಿರಲಿಲ್ಲ ಅನ್ನೋದಂತೂ ಸುಳ್ಳಲ್ಲ.

ಅದಕ್ಕೆ ಉತ್ತರ ಕೊಟ್ಟದ್ದು ನನ್ನ ಅಮ್ಮ. ಅಮ್ಮ ಗುಂಪಿನಲ್ಲಿ ಬರೆಯುವುದೇ ಇಲ್ಲ, ಕೈ ಮುಗಿಯುವ ಚಿತ್ರ ಬಿಟ್ಟರೆ. ಅವತ್ತು ಮೂರು ಸಾಲು ಬರೆದರು.

ಅಮ್ಮ: ಭಾವನವರೇ ನಮ್ಮತ್ತೆ ಲೆಕ್ಕ ಇಡ್ತಿದ್ರು. ಗೋಡೆ ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕದ ಪಕ್ಕ ಕುಂಕುಮದ ಚುಕ್ಕಿ ಇಡ್ತಿದ್ರು. ನಾವು ಸೊಸೆಯಂದ್ರು ಮೂವರೂ ಅದನ್ನೇ ಕಲಿತ್ವಿ

ನನಗೂ ಆ ಚುಕ್ಕಿ ನೆನಪಿದೆ. ಉಗುರಿನ ತುದಿಯಷ್ಟು. ಹಾಲಿನವನು ಬರದ ದಿನಕ್ಕೆ ಪೆನ್ಸಿಲ್ ಗೀಟು, ಇದಕ್ಕೆ ಕೆಂಪು ಚುಕ್ಕಿ. ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಎಲ್ಲರ ಬೆರಳೂ ಆ ಕ್ಯಾಲೆಂಡರ್ ಮೇಲೆ. ಹಬ್ಬದ ದಿನ ಹೊರಗಾಗುತ್ತೀಯಾ, ಮುಂದೂಡುವ ಮಾತ್ರೆ ತಗೋತೀಯಾ? ಪೂಜೆಗೆ ಈ ಲೆಕ್ಕ ನಮ್ಮ ಮನೆಯಲ್ಲಿ ಪ್ರತಿ ಹೆಂಗಸಿಗೂ ಬಾಯಿಪಾಠ. ಅದೇ ಲೆಕ್ಕವನ್ನು ಒಬ್ಬಳು ಮಗುವಿಗಾಗಿ ಇಟ್ಟರೆ ತಪ್ಪು ಅಂತ ಹೇಗೆ ಹೇಳುತ್ತಾರೆ? ಇದನ್ನು ಗುಂಪಿಗೂ ಬರೆದೆ. ರಮ್ಯ, ಆಶಾ, ಅಕ್ಕ ಮೂವರೂ ಹೆಬ್ಬೆರಳು ಹಾಕಿದರು. ದೊಡ್ಡಮ್ಮ ಕೂಡ ಹಾಕಿದರು. ದೊಡ್ಡಪ್ಪ ಸುಮ್ಮನಾದರು.

ಸಂಜೆ ಮಂಜು ಒಂದೇ ಸಾಲು ಬರೆದ: "ಅಮ್ಮ, ದಯವಿಟ್ಟು ಬೆಳಗ್ಗಿನ ಮೆಸೇಜ್ ತೆಗಿ." ಚಿಕ್ಕಮ್ಮ ತೆಗೆದರು. ತೆಗೆದ ಮೇಲೆ ಶಶಿ ಕೇಳಿದ, "ಯಾವ ಮೆಸೇಜ್? ನಾನು ಓದೇ ಇರಲಿಲ್ಲ." ಅದಕ್ಕೆ ಪ್ರಸಾದ್ ಭಾವ ಏನೋ ಅಂದರು, ಗಿರಿಜತ್ತೆ ಇನ್ನೇನೋ ಅಂದರು, ಮತ್ತೆ ಹಳೇ ಗೃಹಪ್ರವೇಶದ ವಿಷಯ ಎದ್ದಿತು. ನಾನು ಫೋನ್ ಮ್ಯೂಟ್ ಮಾಡಿ ಮಗಳಿಗೆ ಊಟ ಹಾಕಿದೆ.

ರಾತ್ರಿ 10.15ಕ್ಕೆ ಚಿಕ್ಕಮ್ಮನ ಮೆಸೇಜ್ ನನಗೊಬ್ಬಳಿಗೇ ಬಂತು.

"ಸುಧಾ ಎದ್ದಿದೀಯಾ. ಕಾವ್ಯಂಗೆ 40 ದಿನಕ್ಕೆ ಬರತ್ತಂತೆ ಕಣೆ. ಒಂದೊಂದ್ಸಲ ಇನ್ನೂ ಲೇಟು. ನಾನು ಪ್ರತಿ ತಿಂಗಳು 14ನೇ ದಿನ ಫೋನ್ ಮಾಡಿ ಮಂಜುಗೆ ಬೇಗ ಮನೆಗೆ ಹೋಗು ಅಂತಿದ್ದೆ."

ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಪ್ರತಿ ತಿಂಗಳು ಆ ಫೋನ್ ಬಂದಾಗ ಕಾವ್ಯ ಅದೇ ಕೋಣೆಯಲ್ಲಿ ಕೂತಿರುತ್ತಿದ್ದಳೇನೋ. ಚಿಕ್ಕಮ್ಮನ ಮೇಲೆ ಸಿಟ್ಟೂ ಬಂತು. ಬೆಳಗ್ಗೆ ಅಷ್ಟು ಬಿರುಸಾಗಿದ್ದವರು ರಾತ್ರಿ ಹೀಗೆ ಕೇಳುತ್ತಿದ್ದಾರಲ್ಲ ಅಂತ ಕರುಳೂ ಚುರುಕ್ ಅಂದಿತು.

"40 ದಿನ ಅಂದ್ರೆ 26ನೇ ದಿನದ ಹತ್ತಿರ ಚಿಕ್ಕಮ್ಮ. ಆದ್ರೆ ಅದೂ ಗ್ಯಾರಂಟಿ ಇಲ್ಲ. 35 ದಿನ ದಾಟಿ ಬರ್ತಿದ್ರೆ ಲೆಕ್ಕಕ್ಕಿಂತ ಮುಂಚೆ ಡಾಕ್ಟರ್ ನೋಡಬೇಕು. ಥೈರಾಯ್ಡ್ ಇರಬಹುದು, ಪಿಸಿಒಎಸ್ ಇರಬಹುದು, ಅಂದ್ರೆ ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬಿಡದ ತೊಂದರೆ. ಪಿಸಿಒಎಸ್ ಇದ್ರೆ ಸ್ಟ್ರಿಪ್ ಕೂಡ ತಪ್ಪು ತೋರಿಸಬಹುದು. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ಈಗಲೇ ಶುರು ಮಾಡಬೇಕು, ನಿಂತ ಮೇಲೆ ಅಲ್ಲ."

"ನಾನು ಅವಳಿಗೆ ಹೇಳ್ಲಾ?"

"ಬೇಡ ಚಿಕ್ಕಮ್ಮ. 14ನೇ ದಿನದ ಫೋನ್ ನಿಲ್ಸಿ, ಅಷ್ಟು ಸಾಕು. ನಾನು ನಾಳೆ ಕಾವ್ಯಂಗೆ ಹಬ್ಬದ ಸೀರೆ ವಿಷಯಕ್ಕೆ ಫೋನ್ ಮಾಡೋದಿದೆ. ಅವಳಾಗಿ ಕೇಳಿದ್ರೆ ಮಾತಾಡ್ತೀನಿ. ಕೇಳದಿದ್ರೆ ಸೀರೆ ವಿಷಯನೇ ಮಾತಾಡ್ತೀನಿ."

ಎರಡು ನೀಲಿ ಗೆರೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಚಿಕ್ಕಮ್ಮ ಬರೆದರು, "ಆಶಾ ನಂಬರ್ ನನ್ನ ಹತ್ರ ಇಲ್ಲ. ಕಳಿಸ್ತೀಯಾ?"

ಕಳಿಸಿದೆ.