ಹಿಂದಿನ ಆಘಾತದ ಬಗ್ಗೆ ಕೇಳಬೇಕಾ, ಕೇಳಬಾರದಾ?

ಪಿಯು ಆಪ್ತಸಮಾಲೋಚಕಿ, ಕುಶಾಲನಗರ:
16-17ರ ಕೆಲವು ಮಕ್ಕಳು "ಯಾರೋ ಹೆಸರು ಹಿಡಿದು ಕರೆದಂಗಾಗುತ್ತೆ", "ಎಲ್ಲರೂ ನನ್ನನ್ನೇ ನೋಡ್ತಾರೆ" ಅನ್ನುತ್ತಾರೆ. ಅದು ತಮ್ಮ ಅನುಮಾನವಿರಬಹುದು ಅನ್ನುವ ಅರಿವೂ ಅವರಿಗಿದೆ. ಬಾಲ್ಯದ ಹಿಂಸೆಯ ಮಾತೆತ್ತಿದರೆ ಲಕ್ಷಣ ಹೆಚ್ಚುತ್ತದೆಯೇ?

ಮನಶ್ಶಾಸ್ತ್ರ, ಮಡಿಕೇರಿ:
ಕೇಳಿ ಮೇಡಂ. ಮೆತ್ತಗೆ ಕೇಳಿದ್ದರಿಂದ ಸೈಕೋಸಿಸ್ (ಇಲ್ಲದ ಧ್ವನಿ ಕೇಳಿಸುವ, ಅನುಮಾನವನ್ನೇ ನಿಜವೆಂದು ನಂಬಿಬಿಡುವ ಮಾನಸಿಕ ಕಾಯಿಲೆ) ಬರುವುದಿಲ್ಲ. ಬಾಲ್ಯದಲ್ಲಿ ಹಿಂಸೆ, ನಿರ್ಲಕ್ಷ್ಯ ಕಂಡವರಲ್ಲಿ ಅದರ ಸಾಧ್ಯತೆ ಹೆಚ್ಚುಕಡಿಮೆ 3 ಪಟ್ಟು ಇರುವುದರಿಂದ, ಕೇಳದೆ ಬಿಟ್ಟರೇ ನಷ್ಟ. ಹಾಗಂತ ಈ ಲಕ್ಷಣವಿರುವ ಹೆಚ್ಚಿನವರಿಗೆ ಸೈಕೋಸಿಸ್ ಬರುವುದೂ ಇಲ್ಲ, ಹೆದರಿಸಬೇಡಿ.
"ದೌರ್ಜನ್ಯ ಆಗಿದೆಯಾ" ಅಂದರೆ "ಇಲ್ಲ" ಅಂತಲೇ ಬರುತ್ತದೆ. ಏಟನ್ನು ಶಿಸ್ತು ಅಂದುಕೊಂಡಿರುತ್ತಾರೆ. "ಬಾಸುಂಡೆ ಬರೋ ಹಾಗೆ ಯಾರಾದ್ರೂ ಹೊಡೆದಿದ್ರಾ?", "ನಿಂಗೆ ಇಷ್ಟವಿಲ್ಲದೆ ಯಾರಾದ್ರೂ ಮುಟ್ಟಿದ್ರಾ?" ಎಂದು ಬಿಡಿಸಿ ಕೇಳಿ. 2018ರ ಕೊಡಗಿನ ಭೂಕುಸಿತದ ಬಗ್ಗೆಯೂ ಕೇಳಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಊರಿಗೆಲ್ಲ ಗೊತ್ತಿರುವುದನ್ನು ಹೇಳುವುದು ಸುಲಭ. ಮನೆಯೊಳಗಿನದು ಅದರ ಹಿಂದೆ ಅಡಗಿಕೊಳ್ಳುತ್ತದೆ.

ಮಕ್ಕಳ ರಕ್ಷಣೆ, ವಿರಾಜಪೇಟೆ:
ಕೇಳುವ ಮುಂಚೆಯೇ ಗುಟ್ಟಿನ ಮಿತಿ ಹೇಳಿಬಿಡಿ. 18ರೊಳಗಿನವರ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೋ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆ) 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಕಲಮಿನಲ್ಲಿ 6 ತಿಂಗಳವರೆಗೆ ಶಿಕ್ಷೆ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಟ್ಟು ಆಮೇಲೆ ದೂರು ಹೋದರೆ, ಮೊದಲೇ ಅನುಮಾನಪಡುವ ಮಗು ಮತ್ತೆ ಬಾಯಿ ಬಿಡುವುದಿಲ್ಲ.

ಪಿಯು ಆಪ್ತಸಮಾಲೋಚಕಿ, ಕುಶಾಲನಗರ:
ಹೇಳಿದ್ದು ನಿಜವೋ ಭ್ರಮೆಯೋ ಅಂತ ಹೇಗೆ ತಿಳಿಯುವುದು?

ಮನಶ್ಶಾಸ್ತ್ರ, ಮಡಿಕೇರಿ:
ಅದನ್ನು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ಬೈಯುವ ಧ್ವನಿ ಹಿಂಸೆ ಕೊಟ್ಟವರದೇ ಮಾತಿನಂತಿರುವುದೂ ಉಂಟು. "ಹೇಳಿದ್ದು ಒಳ್ಳೇದಾಯ್ತು" ಅನ್ನಿ, ವಿವರ ಕೆದಕಬೇಡಿ. ಈಗಲೂ ನಡೀತಿದೆಯಾ, ಇವತ್ತು ಮನೆಗೆ ಹೋಗಲು ಭಯವಿದೆಯಾ, ಸಾಯುವ ಯೋಚನೆ ಇದೆಯಾ, ಈ ಮೂರನ್ನು ಮಾತ್ರ ಕೇಳಿ. ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಒಂದು ವಾರದೊಳಗೆ ಮತ್ತೆ ಕರೆಯಿರಿ. ಹೇಳಿಕೊಂಡ ಮೇಲೆ ನಿದ್ದೆ ಕೆಡುವುದು, ಅನುಮಾನ ಹೆಚ್ಚುವುದು ಉಂಟು.

ಸಮಾಜಕಾರ್ಯ, ಸೋಮವಾರಪೇಟೆ:
ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ (ಒಂದಕ್ಕೊಂದು ಅಂಟಿದ ಸಾಲು ಮನೆ) ಈ ಮಾತು ಬೇಡ, ಗೋಡೆಯಾಚೆ ಕೇಳಿಸುತ್ತದೆ. ಎರವ ಭಾಷೆಯದೋ ತಮಿಳಿನದೋ ದುಭಾಷಿ ಬೇಕಾದರೆ ಮೇಸ್ತ್ರಿ, ನೆಂಟರು ಬೇಡವೇ ಬೇಡ. ಧ್ವನಿ ದಿನವೂ ಕೇಳಿಸುತ್ತಿದ್ದರೆ, ಓದು, ಊಟ ತಪ್ಪುತ್ತಿದ್ದರೆ ಮಡಿಕೇರಿ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ಕಳಿಸಿ. ರಾತ್ರಿ ಹೊತ್ತು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಮಗುವಿಗೆ ಅಪಾಯವಿದ್ದರೆ ಮಕ್ಕಳ ಸಹಾಯವಾಣಿ 1098.